ಕಣ್ಣಿಗೆ ಬಿದ್ದರೂ ಕಾಣದ ಗಂಟು: ಸ್ಕ್ಯಾನ್ ಓದುವ ಮೇಜು ಹೇಗಿರಬೇಕು?

ಎಐ ಮತ್ತು ಸ್ಕ್ಯಾನ್ ಬಗ್ಗೆ ಒಂದಕ್ಕೊಂದು ಹೊಂದದ ಎರಡು ಸುದ್ದಿಗಳು ಓಡಾಡುತ್ತಿವೆ. ಒಂದು ಸ್ವೀಡನ್ನಿನದು. ಅಲ್ಲಿ ಲಕ್ಷಕ್ಕೂ ಹೆಚ್ಚು ಮಹಿಳೆಯರನ್ನು ಎರಡು ಗುಂಪು ಮಾಡಿ, ಒಂದು ಗುಂಪಿನ ಮ್ಯಾಮೊಗ್ರಾಮ್ (ಸ್ತನದ ಎಕ್ಸ್‌ರೇ) ಓದಲು ಎಐ ನೆರವು ಪಡೆದರು. ಆ ಗುಂಪಿನಲ್ಲಿ 29% ಜಾಸ್ತಿ ಕ್ಯಾನ್ಸರ್ ಪತ್ತೆಯಾಯಿತು, ವೈದ್ಯರು ಚಿತ್ರ ಓದುವ ಕೆಲಸ 44% ಕಡಿಮೆಯಾಯಿತು ಎಂದು 2025ರಲ್ಲಿ ಫಲಿತಾಂಶ ಬಂತು.

ಇನ್ನೊಂದು ಜರ್ಮನಿಯದು, 2023ರದ್ದು. ಅಲ್ಲಿ 27 ರೇಡಿಯಾಲಜಿಸ್ಟ್‌ಗಳಿಗೆ, ಅಂದರೆ ಎಕ್ಸ್‌ರೇ, ಸ್ಕ್ಯಾನ್ ಓದುವ ತಜ್ಞ ವೈದ್ಯರಿಗೆ, ಮ್ಯಾಮೊಗ್ರಾಮ್ ಕೊಟ್ಟು, ಪಕ್ಕದಲ್ಲೇ ಎಐ ಉತ್ತರವನ್ನೂ ತೋರಿಸಿದರು. ಕೆಲವು ಕಡೆ ಬೇಕೆಂದೇ ತಪ್ಪು ಉತ್ತರ ಇಟ್ಟಿದ್ದರು. ಉತ್ತರ ಸರಿ ಇದ್ದ ಕಡೆ, ಅನುಭವ ಕಡಿಮೆ ಇದ್ದ ವೈದ್ಯರು 100ಕ್ಕೆ 80ರಷ್ಟು ಸರಿಯಾಗಿ ಓದಿದರು. ಉತ್ತರ ತಪ್ಪಿದ್ದ ಕಡೆ ಅದು 20ಕ್ಕೆ ಇಳಿಯಿತು. ತುಂಬಾ ಅನುಭವ ಇದ್ದವರೂ 82ರಿಂದ 45ರ ಆಸುಪಾಸಿಗೆ ಬಂದರು.

ಹಾಗಾದರೆ ಎಐ ಒಳ್ಳೆಯದೋ ಕೆಟ್ಟದ್ದೋ? ಎರಡು ಸುದ್ದಿಯೂ ನಿಜ. ವ್ಯತ್ಯಾಸ ಇರುವುದು ಎಐ ಎಷ್ಟು ಜಾಣ ಎನ್ನುವುದರಲ್ಲಿ ಮಾತ್ರ ಅಲ್ಲ. ವೈದ್ಯರು ಕೂತು ಓದುವ ಮೇಜನ್ನು ಹೇಗೆ ಜೋಡಿಸಿದ್ದಾರೆ, ಪರದೆಯ ಮೇಲೆ ಯಾವುದು ಯಾವಾಗ ಬರುತ್ತದೆ, ಯಾವ ಚಿತ್ರ ಯಾರ ಮುಂದೆ ಹೋಗುತ್ತದೆ ಎನ್ನುವುದರಲ್ಲೂ ಇದೆ. ಈ ಜೋಡಣೆಗೆ ಆಧಾರ ಆಗಬೇಕಾದದ್ದು ಮನಸ್ಸು ಹೇಗೆ ಗಮನಿಸುತ್ತದೆ, ಹೇಗೆ ಮರೆಯುತ್ತದೆ ಎಂದು ಹೇಳುವ ಅರಿವಿನ ವಿಜ್ಞಾನ.

ಚಿತ್ರ ಇಲ್ಲಿ, ಓದುವ ಕಣ್ಣು ಅಲ್ಲಿ

ಮಲೆನಾಡಿಗೆ ಈ ವಿಷಯ ದೂರದ್ದಲ್ಲ. ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಸುಮಾರು 60 ಕಿಲೋಮೀಟರ್, ಸಾಗರದಿಂದ 70ರ ಸುಮಾರು. ಮಳೆಗಾಲದಲ್ಲಿ ಅದೇ ದಾರಿ ಇನ್ನೂ ಉದ್ದ ಎನಿಸುತ್ತದೆ. ಎಕ್ಸ್‌ರೇ ಯಂತ್ರ ಇರುವ ಊರುಗಳು ಹೆಚ್ಚುತ್ತಿವೆ. ಆದರೆ ಅದನ್ನು ಓದುವ ರೇಡಿಯಾಲಜಿಸ್ಟ್ ಎಲ್ಲ ಕಡೆ ಇಲ್ಲ. ದೇಶದಲ್ಲಿ ಲಕ್ಷ ಜನಕ್ಕೆ ಸುಮಾರು ಒಬ್ಬ ರೇಡಿಯಾಲಜಿಸ್ಟ್ ಎನ್ನುವುದು ಸಾಮಾನ್ಯವಾಗಿ ಹೇಳುವ ಅಂದಾಜು. ಅವರಲ್ಲೂ ಬಹಳ ಮಂದಿ ದೊಡ್ಡ ನಗರಗಳಲ್ಲಿದ್ದಾರೆ.

ಹಾಗಾಗಿ ಚಿತ್ರವೇ ಪ್ರಯಾಣ ಮಾಡುತ್ತದೆ. ಇಲ್ಲಿ ತೆಗೆದ ಸ್ಕ್ಯಾನ್ ಇಂಟರ್ನೆಟ್ ಮೂಲಕ ಇನ್ನೊಂದು ಊರಿನ ಪರದೆಗೆ ಹೋಗುತ್ತದೆ, ಅಲ್ಲಿಂದ ರಿಪೋರ್ಟ್ ವಾಪಸ್ ಬರುತ್ತದೆ. ರೋಗಿಯ ಮುಖ, ನಡಿಗೆ, ಮನೆಯವರ ಮಾತು ಯಾವುದೂ ಆ ಪರದೆಯಲ್ಲಿ ಇರುವುದಿಲ್ಲ. ಓದುವವರ ಪಾಲಿಗೆ ಆ ರೋಗಿ ಅಂದರೆ ಒಂದು ಚಿತ್ರ ಮತ್ತು ಒಂದು ಸಾಲಿನ ಚೀಟಿ.

ಇದರ ಜೊತೆ ಕೆಲಸದ ಹೊರೆಯೂ ಏರಿದೆ. ಅಮೆರಿಕದ ಒಂದು ದೊಡ್ಡ ಆಸ್ಪತ್ರೆಯ ಲೆಕ್ಕ ನೋಡಿ. ಸಿ.ಟಿ., ಎಂಆರ್‌ಐ ಓದುವ ವೈದ್ಯರು 1999ರಲ್ಲಿ ನಿಮಿಷಕ್ಕೆ ಸುಮಾರು 3 ಚಿತ್ರ ನೋಡುತ್ತಿದ್ದರು. 2010ಕ್ಕೆ ಅದು 16 ಆಯಿತು. ಮೂರು-ನಾಲ್ಕು ಸೆಕೆಂಡಿಗೆ ಒಂದು! ಯಂತ್ರಗಳು ವೇಗವಾದವು, ಒಂದೊಂದು ಸ್ಕ್ಯಾನ್‌ನಲ್ಲಿ ನೂರಾರು ಪದರಗಳು ಬಂದವು. ಓದುವ ಕಣ್ಣು ಮಾತ್ರ ಹಳೆಯದೇ.

ನೋಡುವುದು ಬೇರೆ, ಕಾಣುವುದು ಬೇರೆ

ತಪ್ಪು ರಿಪೋರ್ಟ್ ಬಂದಾಗ ಜನ ಸಾಮಾನ್ಯವಾಗಿ ಹೇಳುವುದು ಒಂದೇ ಮಾತು: "ಸರಿಯಾಗಿ ನೋಡಿಲ್ಲ." ಕೆಲವು ಸಲ ಅದು ನಿಜ ಇರಬಹುದು. ಆದರೆ ಸರಿಯಾಗಿ ನೋಡಿಯೂ ಕಾಣದೇ ಹೋಗುವುದು ಇದೆ. ಇದನ್ನು ತೋರಿಸಿದ ಪ್ರಯೋಗ 2013ರಲ್ಲಿ ಪ್ರಕಟವಾಯಿತು.

24 ರೇಡಿಯಾಲಜಿಸ್ಟ್‌ಗಳಿಗೆ ಶ್ವಾಸಕೋಶದ ಸಿ.ಟಿ. ಕೊಟ್ಟು, ಅದರಲ್ಲಿ ಸಣ್ಣ ಗಂಟುಗಳನ್ನು ಹುಡುಕಲು ಹೇಳಿದರು. ಕೊನೆಯ ಸ್ಕ್ಯಾನ್‌ನಲ್ಲಿ ಒಂದು ಗೊರಿಲ್ಲಾದ ಚಿತ್ರ ಸೇರಿಸಿದ್ದರು. ಅದು ಸಾಮಾನ್ಯ ಗಂಟಿಗಿಂತ 48 ಪಟ್ಟು ದೊಡ್ಡದು. 24 ಜನರಲ್ಲಿ 20 ಮಂದಿಗೆ ಅದು ಕಾಣಲಿಲ್ಲ. ಕಣ್ಣಿನ ಚಲನೆ ಅಳೆಯುವ ಸಾಧನ ಇನ್ನೂ ವಿಚಿತ್ರ ಸಂಗತಿ ತೋರಿಸಿತು. ಕಾಣಲಿಲ್ಲ ಎಂದವರಲ್ಲಿ ಬಹುಪಾಲು ಮಂದಿಯ ಕಣ್ಣು ನೇರವಾಗಿ ಗೊರಿಲ್ಲಾದ ಮೇಲೇ ಹೋಗಿತ್ತು.

ಇವರು ಅಸಡ್ಡೆಯ ವೈದ್ಯರಲ್ಲ. ಗಂಟುಗಳನ್ನು ಹುಡುಕುವುದರಲ್ಲಿ ಅವರು ಸಾಮಾನ್ಯ ಜನರಿಗಿಂತ ಎಷ್ಟೋ ಮುಂದಿದ್ದರು. ಅದೇ ಪ್ರಯೋಗದಲ್ಲಿ ಭಾಗವಹಿಸಿದ ವೈದ್ಯರಲ್ಲದವರಲ್ಲಿ ಒಬ್ಬರಿಗೂ ಗೊರಿಲ್ಲಾ ಕಾಣಲಿಲ್ಲ. ಮನಸ್ಸು ಯಾವುದನ್ನು ಹುಡುಕಲು ಸಜ್ಜಾಗಿದೆಯೋ ಅದನ್ನು ಹಿಡಿಯುತ್ತದೆ, ಉಳಿದದ್ದನ್ನು ಬಿಡುತ್ತದೆ. ಮಲೆನಾಡಿನವರಿಗೆ ಇದು ಗೊತ್ತಿರುವ ಸಂಗತಿಯೇ. ಅಣಬೆ ಹುಡುಕುತ್ತಾ ನೆಲ ನೋಡಿಕೊಂಡು ಹೋಗುವವರಿಗೆ, ಕಾಲ ಪಕ್ಕದ ಬಳ್ಳಿಯಲ್ಲಿದ್ದ ಹಸಿರು ಹಾವು ಕಾಣದೇ ಹೋಗಬಹುದು. ಅದಕ್ಕೆ ಕಣ್ಣಿನ ದೋಷ ಕಾರಣ ಅಲ್ಲ.

ಅಮೆರಿಕದ ಕುಂಡೆಲ್ ಮತ್ತು ನೊಡೈನ್ ಎಂಬ ಸಂಶೋಧಕರು 1970ರ ದಶಕದಲ್ಲೇ ಈ ತಪ್ಪುಗಳನ್ನು ಬಿಡಿಸಿ ನೋಡಿದ್ದರು. ಕೈತಪ್ಪಿದ ಗಂಟುಗಳಲ್ಲಿ ಸುಮಾರು 30% ಮಾತ್ರ ಕಣ್ಣು ಆ ಜಾಗಕ್ಕೆ ಹೋಗದೇ ತಪ್ಪಿದ್ದು. ಇನ್ನೊಂದು 25% ಕಡೆ ಕಣ್ಣು ಹೋಯಿತು, ನಿಲ್ಲಲಿಲ್ಲ. ಉಳಿದ 45% ಕಡೆ ಕಣ್ಣು ಅಲ್ಲೇ ಸಾಕಷ್ಟು ಹೊತ್ತು ನಿಂತಿತ್ತು, ಆದರೆ ಮನಸ್ಸು "ಇದೇನೂ ಅಲ್ಲ" ಎಂದು ತೀರ್ಮಾನಿಸಿತು.

ಈ ವಿಂಗಡಣೆ ತುಂಬಾ ಮುಖ್ಯ. ಯಾಕೆಂದರೆ ಮೂರಕ್ಕೂ ಮದ್ದು ಬೇರೆ ಬೇರೆ. ಕಣ್ಣು ಹೋಗದ ತಪ್ಪಿಗೆ "ಈ ಭಾಗ ಇನ್ನೂ ನೋಡಿಲ್ಲ" ಎಂದು ನೆನಪಿಸುವ ಪರದೆ ಬೇಕು. ಕಣ್ಣು ನಿಲ್ಲದ ತಪ್ಪಿಗೆ ಒಳ್ಳೆಯ ಬೆಳಕು, ಒಳ್ಳೆಯ ಮಾನಿಟರ್, ಸ್ವಲ್ಪ ಸಮಯ ಬೇಕು. ತೀರ್ಮಾನದ ತಪ್ಪಿಗೆ ರೋಗಿಯ ವಿವರ, ಹಳೆಯ ಚಿತ್ರ, ಇನ್ನೊಬ್ಬರ ಅಭಿಪ್ರಾಯ ಬೇಕು. "ಇನ್ನೂ ಹುಷಾರಾಗಿ ನೋಡಿ" ಎಂದು ಸುಮ್ನೆ ಬುದ್ಧಿ ಹೇಳಿದರೆ ಈ ಮೂರರಲ್ಲಿ ಯಾವುದೂ ಸರಿಹೋಗುವುದಿಲ್ಲ.

ಒಂದು ಉಂಬಳ ಸಿಕ್ಕ ಮೇಲೆ

ಮಳೆಗಾಲದಲ್ಲಿ ತೋಟದಿಂದ ಬಂದವರು ಕಾಲು ನೋಡಿಕೊಳ್ಳುತ್ತಾರೆ. ಬೆರಳ ಸಂದಿಯಲ್ಲಿ ಒಂದು ಉಂಬಳ (ಜಿಗಣೆ) ಸಿಗುತ್ತದೆ. ಅದನ್ನು ಕಿತ್ತು ಹಾಕಿದ ಕೂಡಲೇ ಮನಸ್ಸಿಗೆ ಸಮಾಧಾನ. ಮೊಣಕಾಲ ಹಿಂದೆ ಕೂತ ಎರಡನೆಯದು ಗೊತ್ತಾಗುವುದು ರಕ್ತ ಇಳಿದ ಮೇಲೆ. ರೇಡಿಯಾಲಜಿಯಲ್ಲೂ ಹೀಗೇ ಆಗುತ್ತದೆ. ಒಂದು ದೋಷ ಸಿಕ್ಕ ಮೇಲೆ ಹುಡುಕಾಟ ಸಡಿಲವಾಗುತ್ತದೆ, ಎರಡನೆಯದು ತಪ್ಪಿಹೋಗುತ್ತದೆ. ಇದನ್ನು ಸಂಶೋಧಕರು ದಶಕಗಳಿಂದ ಅಧ್ಯಯನ ಮಾಡಿದ್ದಾರೆ.

ಮಲೆನಾಡಿಗೆ ಹತ್ತಿರದ ಒಂದು ಸಂದರ್ಭ ಕಲ್ಪಿಸಿಕೊಳ್ಳಿ. ಅಡಿಕೆ ಕೊನೆ ತೆಗೆಯುವವರೊಬ್ಬರು ಮರದಿಂದ ಬೀಳುತ್ತಾರೆ. ಕಾಲು ಊರಲಾಗದೆ ಆಸ್ಪತ್ರೆಗೆ ಬರುತ್ತಾರೆ. ಎಕ್ಸ್‌ರೇ ಚೀಟಿಯಲ್ಲಿ "ಹಿಮ್ಮಡಿ ನೋವು" ಎಂದಿದೆ. ಹಿಮ್ಮಡಿ ಮೂಳೆ ಮುರಿದದ್ದು ಸ್ಪಷ್ಟವಾಗಿ ಕಾಣುತ್ತದೆ, ರಿಪೋರ್ಟ್ ಹೋಗುತ್ತದೆ. ಆದರೆ ಎತ್ತರದಿಂದ ಬಿದ್ದು ಹಿಮ್ಮಡಿ ಮುರಿದವರಲ್ಲಿ ಸುಮಾರು ಹತ್ತರಲ್ಲಿ ಒಬ್ಬರಿಗೆ ಬೆನ್ನುಮೂಳೆಗೂ ಪೆಟ್ಟಾಗಿರುತ್ತದೆ ಎಂದು ವೈದ್ಯಕೀಯ ಪಾಠದಲ್ಲೇ ಹೇಳುತ್ತಾರೆ. ಬಿದ್ದ ಜೋರು ಕಾಲಿನಿಂದ ಮೇಲಕ್ಕೆ ಸೊಂಟದವರೆಗೆ ಹೋಗುತ್ತದೆ, ಅದಕ್ಕೆ. ಚೀಟಿಯಲ್ಲಿ "ಅಡಿಕೆ ಮರದಿಂದ ಬಿದ್ದದ್ದು" ಎಂದು ಮೂರೇ ಪದ ಇದ್ದಿದ್ದರೆ, ದೂರದ ಊರಲ್ಲಿ ಕೂತ ರೇಡಿಯಾಲಜಿಸ್ಟ್ "ಬೆನ್ನಿನ ಚಿತ್ರವನ್ನೂ ತೆಗೆಯಿರಿ" ಎನ್ನುತ್ತಿದ್ದರು.

ಅಂದರೆ ಎಕ್ಸ್‌ರೇ ಚೀಟಿಯೂ ಓದುವ ಮೇಜಿನ ಒಂದು ಭಾಗ. ಕೋಟಿ ರೂಪಾಯಿಯ ಯಂತ್ರ ಕೊಳ್ಳುವಾಗ ಇಷ್ಟು ಸಣ್ಣ ವಿಷಯ ಯಾರ ಗಮನಕ್ಕೂ ಬರುವುದಿಲ್ಲ ಎನ್ನುವುದು ನನಗೆ ತುಂಬಾ ಬೇಸರದ ಸಂಗತಿ. ಚೀಟಿಯಲ್ಲಿ "ಏನಾಯಿತು, ಯಾವಾಗ, ಎಷ್ಟು ಎತ್ತರದಿಂದ" ಎಂಬ ಮೂರು ಖಾನೆ ಇರಲಿ. ಆ ವಿವರ ಚಿತ್ರದ ಪಕ್ಕದಲ್ಲೇ ಪರದೆಯ ಮೇಲೆ ಬರಲಿ. ಬೇರೆ ಕಿಟಕಿ ತೆರೆದು ಹುಡುಕಬೇಕಾದರೆ ಅವಸರದಲ್ಲಿ ಯಾರೂ ತೆರೆಯುವುದಿಲ್ಲ.

ಅಪರೂಪದ್ದು ಯಾಕೆ ಕೈತಪ್ಪುತ್ತದೆ?

ಸುಲಿದ ಅಡಿಕೆ ಆರಿಸುವ ಕೆಲಸ ನೋಡಿ. ರಾಶಿಯಲ್ಲಿ ಅರ್ಧಕ್ಕರ್ಧ ಕೆಟ್ಟದ್ದಿದ್ದರೆ ಕೈ ಚುರುಕಾಗಿರುತ್ತದೆ. ಸಾವಿರಕ್ಕೆ ಒಂದೋ ಎರಡೋ ಕೆಟ್ಟದ್ದಿದ್ದರೆ, ಆ ಒಂದೆರಡೇ ಕಣ್ಣು ತಪ್ಪಿಸಿ ಹೋಗುತ್ತವೆ. "ಇಲ್ಲ, ಇಲ್ಲ, ಇಲ್ಲ" ಎಂದು ಹೇಳಿ ಹೇಳಿ ಮನಸ್ಸು ಬೇಗ "ಇಲ್ಲ" ಎನ್ನುವುದನ್ನು ಕಲಿತುಬಿಡುತ್ತದೆ.

2005ರಲ್ಲಿ ಜೆರೆಮಿ ವುಲ್ಫ್ ಎಂಬ ವಿಜ್ಞಾನಿ ಮತ್ತು ಸಂಗಡಿಗರು ಇದನ್ನು ಅಳೆದರು. ಹುಡುಕುವ ವಸ್ತು ಅರ್ಧದಷ್ಟು ಚಿತ್ರಗಳಲ್ಲಿ ಇದ್ದಾಗ ಜನ 7% ತಪ್ಪಿಸಿಕೊಂಡರು. ನೂರಕ್ಕೆ ಒಂದರಲ್ಲಿ ಮಾತ್ರ ಇದ್ದಾಗ 30% ತಪ್ಪಿಸಿಕೊಂಡರು. ಆಮೇಲೆ 2013ರಲ್ಲಿ ನಿಜವಾದ ಮ್ಯಾಮೊಗ್ರಾಮ್ ಇಟ್ಟುಕೊಂಡು ನೋಡಿದರು. ಅರ್ಧಕ್ಕರ್ಧ ಕ್ಯಾನ್ಸರ್ ಇರುವ ಒಂದು ಚಿತ್ರಗಳ ಗುಂಪನ್ನು ಪ್ರಯೋಗದ ಕೋಣೆಯಲ್ಲಿ ಓದಿಸಿದಾಗ 12% ಕ್ಯಾನ್ಸರ್ ಕೈತಪ್ಪಿತು. ಅವೇ ಚಿತ್ರಗಳನ್ನು ಆಸ್ಪತ್ರೆಯ ದಿನನಿತ್ಯದ ಕೆಲಸದ ನಡುವೆ ಒಂದೊಂದಾಗಿ ಸೇರಿಸಿದಾಗ 30% ಕೈತಪ್ಪಿತು. ಚಿತ್ರಗಳೂ ಒಂದೇ, ರೋಗವೂ ಒಂದೇ. ಬದಲಾದದ್ದು ಸುತ್ತ ಇದ್ದ ರಾಶಿ.

ದೊಡ್ಡ ತಪಾಸಣಾ ಶಿಬಿರಗಳಿಗೆ ಇದು ನೇರವಾಗಿ ಅನ್ವಯಿಸುತ್ತದೆ. 2024ರ ಡಿಸೆಂಬರ್ 7ರಂದು ಕೇಂದ್ರ ಸರ್ಕಾರ ಕ್ಷಯ ರೋಗ ಪತ್ತೆಗೆ 100 ದಿನಗಳ ಅಭಿಯಾನ ಶುರು ಮಾಡಿತು. ಕೈಯಲ್ಲಿ ಹಿಡಿದು ಒಯ್ಯುವ ಎಕ್ಸ್‌ರೇ ಯಂತ್ರ, ಅದಕ್ಕೆ ಎಐ ನೆರವು ಎರಡನ್ನೂ ಬಳಸಿದರು. 15 ವರ್ಷ ಮೇಲ್ಪಟ್ಟವರ ಕ್ಷಯ ತಪಾಸಣೆಗೆ ಇಂಥ ಸಾಫ್ಟ್‌ವೇರ್ ಬಳಸಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲೇ ಹೇಳಿತ್ತು. ಶಿಬಿರದಲ್ಲಿ ಬಹುತೇಕ ಎದೆಗಳಲ್ಲಿ ಕ್ಷಯ ಇರುವುದಿಲ್ಲ. ದಣಿದ ಕಣ್ಣಿಗೆ ಅದು ಸಾವಿರ ಒಳ್ಳೆಯ ಅಡಿಕೆಯ ರಾಶಿ. ಯಂತ್ರ ಮೊದಲು ಸೋಸಿ, ಅನುಮಾನದ ಚಿತ್ರಗಳನ್ನು ಬೇರೆ ರಾಶಿ ಮಾಡಿದರೆ ವೈದ್ಯರ ಮುಂದೆ ಬರುವ ರಾಶಿಯ ಗುಣವೇ ಬದಲಾಗುತ್ತದೆ. ಅಲ್ಲಿ ರೋಗ ಜಾಸ್ತಿ, ಹಾಗಾಗಿ ಕಣ್ಣೂ ಚುರುಕು. ಆದರೆ ಯಂತ್ರ "ಸರಿಯಿದೆ" ಎಂದು ಪಕ್ಕಕ್ಕಿಟ್ಟ ರಾಶಿಯಲ್ಲಿ ರೋಗ ಇನ್ನೂ ಅಪರೂಪ. ಅಲ್ಲಿ ಯಂತ್ರ ಬಿಟ್ಟದ್ದನ್ನು ಮನುಷ್ಯ ಹಿಡಿಯುವ ಸಾಧ್ಯತೆ ಮೊದಲಿಗಿಂತ ಕಡಿಮೆ. ಲಾಭ, ಅಪಾಯ ಎರಡೂ ಒಂದೇ ಕಾರಣದಿಂದ ಹುಟ್ಟುತ್ತವೆ.

ಮೇಜಿನ ಮೇಲೆ ಏನು ಬದಲಾಗಬೇಕು?

ಮೊದಲು ನೆನಪಿನ ಮಾತು. ಮನಸ್ಸು ಒಂದು ಕ್ಷಣಕ್ಕೆ ನಾಲ್ಕೈದು ವಿಷಯಕ್ಕಿಂತ ಜಾಸ್ತಿ ಹಿಡಿದಿಡಲಾರದು. ಹಳೆಯ ಸ್ಕ್ಯಾನ್ ಒಂದು ಕಿಟಕಿಯಲ್ಲಿ, ಹೊಸದು ಇನ್ನೊಂದರಲ್ಲಿ ಇದ್ದರೆ, ನಡುವೆ ಹೋಗಿ ಬರುವಾಗ ಹಳೆಯದರ ವಿವರ ಮಾಸುತ್ತದೆ. ಎರಡೂ ಅಕ್ಕಪಕ್ಕ, ಒಂದೇ ಅಳತೆಯಲ್ಲಿ, ಒಂದೇ ಮಟ್ಟದಲ್ಲಿ ತಾವಾಗಿಯೇ ತೆರೆದುಕೊಂಡರೆ ನೆನಪಿನ ಕೆಲಸವನ್ನು ಕಣ್ಣೇ ಮಾಡುತ್ತದೆ. ಆಗ ಮಿದುಳಿಗೆ ಯೋಚಿಸಲು ಜಾಗ ಸಿಗುತ್ತದೆ.

ಕಣ್ಣಿನ ಮಿತಿ ಇನ್ನೊಂದು. ಕೈ ಚಾಚಿ ಹೆಬ್ಬೆರಳು ಎತ್ತಿ ಹಿಡಿದರೆ, ಅದರ ಉಗುರಿನಷ್ಟು ಜಾಗ ಮಾತ್ರ ಕಣ್ಣಿಗೆ ಚೂಪಾಗಿ ಕಾಣುವುದು. ಉಳಿದದ್ದೆಲ್ಲ ಮಸುಕು. ಹಾಗಾಗಿ ರಿಪೋರ್ಟ್ ಟೈಪ್ ಮಾಡಲು ಪ್ರತಿ ಸಾಲಿಗೂ ಪಕ್ಕದ ಪರದೆ ಕಡೆ ತಿರುಗಿದರೆ, ಹುಡುಕಾಟ ಅಷ್ಟು ಸಲ ಕಡಿಯುತ್ತದೆ. ಮಾತಿನಲ್ಲೇ ಹೇಳಿ ಬರೆಸುವ ಸೌಲಭ್ಯ ಇದ್ದರೆ ಕಣ್ಣು ಚಿತ್ರದ ಮೇಲೇ ಉಳಿಯುತ್ತದೆ.

ಫೋನ್ ಕರೆಯೂ ಸಣ್ಣ ವಿಷಯ ಅಲ್ಲ. ಅಮೆರಿಕದಲ್ಲಿ ರಾತ್ರಿ ಪಾಳಿಯ ತರಬೇತಿ ವೈದ್ಯರ ಮೇಲೆ ನಡೆದ, 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ರಿಪೋರ್ಟಿಗೆ ಮುಂಚಿನ ಒಂದು ಗಂಟೆಯಲ್ಲಿ ಒಂದು ಕರೆ ಹೆಚ್ಚಾದರೆ ತಪ್ಪಿನ ಸಾಧ್ಯತೆ 12% ಏರಿತ್ತು. ಕರೆಗಳನ್ನು ಮೊದಲು ಒಬ್ಬ ಸಹಾಯಕರು ತೆಗೆದುಕೊಳ್ಳಬಹುದು. ಎಲ್ಲಿಯವರೆಗೆ ಓದಿದ್ದರು ಎಂದು ಪರದೆಯೇ ಗುರುತಿಟ್ಟುಕೊಳ್ಳಬಹುದು.

ಬೆಳಕಿನ ಬಗ್ಗೆ ಚುಟುಕಾಗಿ ಹೇಳುವುದಾದರೆ, ಓದುವ ಕೋಣೆ ಮಂದ ಇರಬೇಕು, ಸುಮಾರು 25ರಿಂದ 50 ಲಕ್ಸ್ (ಬೆಳಕಿನ ಅಳತೆ). ರೋಗ ಪತ್ತೆಯ ಮಾನಿಟರ್ ಸಾಮಾನ್ಯ ಕಂಪ್ಯೂಟರಿನದಕ್ಕಿಂತ ಪ್ರಕಾಶಮಾನ ಇರಬೇಕು. ಕಿಟಕಿ ಪಕ್ಕದ ಮೇಜಲ್ಲಿ, ಆಫೀಸ್ ಮಾನಿಟರ್‌ನಲ್ಲಿ ಎದೆಯ ಎಕ್ಸ್‌ರೇ ಓದಿದರೆ ಬೂದು ಬಣ್ಣದ ಸೂಕ್ಷ್ಮ ಛಾಯೆಗಳು ಕರಗಿಹೋಗುತ್ತವೆ.

ಎಐ ಯಾವಾಗ ಬಾಯಿ ಬಿಡಬೇಕು?

ಈಗ ಮೊದಲಿನ ಎರಡು ಸುದ್ದಿಗೆ ವಾಪಸ್ ಬರೋಣ. ಸ್ವೀಡನ್ನಿನಲ್ಲಿ ಎಐ ಮೊದಲು ಮಾಡಿದ್ದು ವಿಂಗಡಣೆ. ಪ್ರತಿ ಚಿತ್ರಕ್ಕೂ ಅಪಾಯದ ಅಂಕ ಕೊಟ್ಟಿತು. ಕಡಿಮೆ ಅಪಾಯದವನ್ನು ಒಬ್ಬ ವೈದ್ಯರು, ಹೆಚ್ಚು ಅಪಾಯದವನ್ನು ಇಬ್ಬರು ಓದಿದರು. ಯುರೋಪಿನ ರೂಢಿಯಂತೆ ಮುಂಚೆ ಎಲ್ಲವನ್ನೂ ಇಬ್ಬರು ಓದಬೇಕಿತ್ತು. ಅಂದರೆ ಬೇಕಾದ ಕಡೆ ಗಮನ ಜಾಸ್ತಿ ಹರಿಯಿತು, ಬೇಡದ ಕಡೆ ಉಳಿತಾಯವಾಯಿತು.

ಜರ್ಮನಿಯ ಪ್ರಯೋಗದಲ್ಲಿ ವೈದ್ಯರು ಯೋಚಿಸುವಾಗಲೇ ಎಐ ಉತ್ತರ ಕಣ್ಣ ಮುಂದಿತ್ತು. ಉತ್ತರ ಮೊದಲೇ ಕಂಡರೆ ಮನಸ್ಸು ಅದಕ್ಕೆ ಅಂಟಿಕೊಳ್ಳುತ್ತದೆ. ಆಮೇಲೆ ನಡೆಯುವುದು ಹುಡುಕಾಟ ಅಲ್ಲ, ಆ ಉತ್ತರಕ್ಕೆ ಪುರಾವೆ ಕೂಡಿಸುವ ಕೆಲಸ. ಲೆಕ್ಕ ಬಿಡಿಸುವ ಮೊದಲೇ ಪಕ್ಕದವನ ಉತ್ತರ ಕಂಡ ವಿದ್ಯಾರ್ಥಿಯ ಹಾಗೆ.

ಇದಕ್ಕೆ ಒಂದು ಪರಿಹಾರ ಎಂದರೆ ವೈದ್ಯರು ಮೊದಲು ತಮ್ಮ ಅಭಿಪ್ರಾಯ ಗುರುತು ಹಾಕಬೇಕು, ಆಮೇಲೆ ಎಐ ತನ್ನದನ್ನು ತೋರಿಸಬೇಕು. ಇದರಿಂದ ಸ್ವಂತ ಯೋಚನೆ ಉಳಿಯುತ್ತದೆ. ಆದರೆ ಸಮಯ ಜಾಸ್ತಿ ಬೇಕು. ಮೊದಲೇ ತೋರಿಸಿದರೆ ವೇಗ ಸಿಗುತ್ತದೆ, ಆದರೆ ಯಂತ್ರ ತಪ್ಪಿದಾಗ ವೈದ್ಯರೂ ಜೊತೆಗೇ ತಪ್ಪುತ್ತಾರೆ. ಈ ಆಯ್ಕೆಯನ್ನು ಯಾರು ಮಾಡುತ್ತಾರೆ? ಈಗ ಬಹಳ ಕಡೆ ಸಾಫ್ಟ್‌ವೇರ್ ಹೇಗೆ ಬಂತೋ ಹಾಗೇ ನಡೆಯುತ್ತದೆ. ಆಸ್ಪತ್ರೆ ತಿಳಿದು ಮಾಡಬೇಕಾದ ಆಯ್ಕೆ ಇದು.

ವಾದಗಳು

ಯಂತ್ರವೇ ಸಾಕು ಎನ್ನುವವರಿದ್ದಾರೆ. 2024ರ ಭೌತವಿಜ್ಞಾನ ನೊಬೆಲ್ ಪಡೆದ ಎಐ ವಿಜ್ಞಾನಿ ಜೆಫ್ರಿ ಹಿಂಟನ್ 2016ರಲ್ಲೇ, ರೇಡಿಯಾಲಜಿಸ್ಟ್‌ಗಳನ್ನು ತಯಾರು ಮಾಡುವುದು ನಿಲ್ಲಿಸಬಹುದು ಎಂಬ ಅರ್ಥದ ಮಾತಾಡಿದ್ದರು. ಹಾಗೇನೂ ಆಗಲಿಲ್ಲ, ಬಹಳ ಕಡೆ ಇವತ್ತಿಗೂ ರೇಡಿಯಾಲಜಿಸ್ಟ್‌ಗಳ ಕೊರತೆಯೇ ಇದೆ.

ಎದುರು ಪಕ್ಷದವರು ಹಳೆಯ ಅನುಭವ ನೆನಪಿಸುತ್ತಾರೆ. ಅಮೆರಿಕದಲ್ಲಿ 1998ರಲ್ಲಿ ಮ್ಯಾಮೊಗ್ರಾಮ್ ಮೇಲೆ ಗುರುತು ಹಾಕುವ ಕಂಪ್ಯೂಟರ್ ನೆರವಿಗೆ ಅನುಮತಿ ಸಿಕ್ಕಿತು, ಅದು ಬೇಗ ಹರಡಿತು. ಆದರೆ 2007ರ ದೊಡ್ಡ ಅಧ್ಯಯನದಲ್ಲಿ ಸುಳ್ಳು ಅನುಮಾನಗಳು ಜಾಸ್ತಿಯಾದದ್ದು, ಬಯಾಪ್ಸಿಗಳು (ಪರೀಕ್ಷೆಗೆ ಮಾಂಸದ ಚೂರು ತೆಗೆಯುವುದು) ಏರಿದ್ದು ಕಂಡಿತು. ಪತ್ತೆಯಲ್ಲಿ ಸ್ಪಷ್ಟ ಲಾಭ ಕಾಣಲಿಲ್ಲ. 2015ರ ಇನ್ನೊಂದು ಅಧ್ಯಯನವೂ ಹೆಚ್ಚಿನ ಲಾಭ ಇಲ್ಲ ಎಂದಿತು. ಅಷ್ಟು ಹೊತ್ತಿಗೆ ಹಣ ಖರ್ಚಾಗಿಹೋಗಿತ್ತು.

ಮೂರನೆಯ ವಾದ ಅರ್ಥಶಾಸ್ತ್ರಜ್ಞರದು. ಯಂತ್ರ ಮತ್ತು ವೈದ್ಯರು ಒಂದೇ ಚಿತ್ರದ ಮೇಲೆ ಕೂತರೆ ಒಬ್ಬರ ಮಾತನ್ನು ಇನ್ನೊಬ್ಬರು ಸರಿಯಾಗಿ ತೂಗುವುದಿಲ್ಲ, ಅದರ ಬದಲು ಚಿತ್ರಗಳನ್ನೇ ಹಂಚಿಬಿಡಿ, ಕೆಲವನ್ನು ಯಂತ್ರ, ಕೆಲವನ್ನು ವೈದ್ಯರು ನೋಡಲಿ ಎನ್ನುತ್ತಾರೆ. ಕಾಗದದ ಮೇಲೆ ಇದು ಚೆನ್ನಾಗಿದೆ. ಆದರೆ ಯಂತ್ರ ಮಾತ್ರ ನೋಡಿದ ಚಿತ್ರದಲ್ಲಿ ತಪ್ಪಾದರೆ ಜವಾಬ್ದಾರಿ ಯಾರದು? ರಿಪೋರ್ಟಿಗೆ ಸಹಿ ಹಾಕುವುದು ಇವತ್ತಿಗೂ ಮನುಷ್ಯರೇ.

ಮಲೆನಾಡಿನಲ್ಲಿ ಇದರ ಪರಿಣಾಮ

ಯಂತ್ರ ಬಂದು ಮೇಜು ಹಾಗೇ ಉಳಿದರೆ ಏನಾಗಬಹುದು? ತಾಲೂಕುಗಳಿಂದ ಬರುವ ಚಿತ್ರಗಳು ಹೆಚ್ಚುತ್ತವೆ. ಎಐ ಇದೆಯಲ್ಲ ಎಂದು ಒಬ್ಬೊಬ್ಬರ ಪಾಲಿನ ಸಂಖ್ಯೆಯೂ ಏರುತ್ತದೆ. ದೂರದಿಂದ ಓದುವವರಿಗೆ ಚಿತ್ರಕ್ಕಿಷ್ಟು ಎಂದು ಹಣ ಕೊಡುವ ಪದ್ಧತಿ ಇದ್ದರಂತೂ ನಿಂತು ನೋಡುವ ಸಮಯ ಇನ್ನೂ ಕುಗ್ಗುತ್ತದೆ. ಆಗ ಯಂತ್ರದ ಉತ್ತರಕ್ಕೆ ತಲೆಯಾಡಿಸುವುದೇ ಸುಲಭದ ದಾರಿ. ಹೆಚ್ಚು ಪೆಟ್ಟು ಬೀಳುವುದು ಕಲಿಯುತ್ತಿರುವವರಿಗೆ. ಜರ್ಮನಿಯ ಪ್ರಯೋಗದಲ್ಲಿ ಅನುಭವ ಕಡಿಮೆ ಇದ್ದವರೇ ಹೆಚ್ಚು ಜಾರಿದ್ದು, ಅಲ್ವಾ? ತರಬೇತಿ ನಡೆಯುವ ವೈದ್ಯಕೀಯ ಕಾಲೇಜುಗಳಲ್ಲಿ ಎಐ ಉತ್ತರ ಕೊನೆಗೆ ಕಾಣುವ ಹಾಗೆ ಇಡುವುದೇ ಸರಿ ಎನ್ನುವುದು ನನ್ನ ಅಭಿಪ್ರಾಯ. ಸ್ವಲ್ಪ ನಿಧಾನ ಆದರೂ ಪರವಾಗಿಲ್ಲ.

ಟೆಂಡರ್ ಕರೆಯುವವರು ಯಂತ್ರದ ನಿಖರತೆ ಎಷ್ಟು ಎಂದಷ್ಟೇ ಕೇಳಿದರೆ ಸಾಲದು. ಉತ್ತರ ಯಾವಾಗ ತೋರಿಸುತ್ತದೆ, ಆ ಕ್ರಮ ಬದಲಿಸಬಹುದೇ ಎಂದು ಕೇಳಬೇಕು. ಹಳೆಯ ಚಿತ್ರ ತಾನಾಗಿ ಪಕ್ಕಕ್ಕೆ ಬರುತ್ತದೆಯೇ, ಮಳೆಗಾಲದಲ್ಲಿ ನೆಟ್‌ವರ್ಕ್ ಹೋದಾಗ ಅರ್ಧ ಓದಿದ ಸ್ಕ್ಯಾನ್ ಎಲ್ಲಿಂದ ಮುಂದುವರಿಯುತ್ತದೆ ಎಂದೂ ಕೇಳಬೇಕು. ಕೊಳ್ಳುವ ಮೊದಲು ಅದನ್ನು ಬಳಸುವ ರೇಡಿಯಾಲಜಿಸ್ಟ್‌ಗಳನ್ನು ಒಂದು ವಾರ ಅದರ ಮುಂದೆ ಕೂರಿಸಿ ನೋಡಬೇಕು.

ರೋಗಿಯ ಕಡೆಯವರ ಕೈಯಲ್ಲೂ ಒಂದಿಷ್ಟಿದೆ. ಹಳೆಯ ಎಕ್ಸ್‌ರೇ ಫಿಲ್ಮು, ಸ್ಕ್ಯಾನ್ ಸಿಡಿ ಟ್ರಂಕಿನಲ್ಲಿದ್ದರೆ ಅದನ್ನು ಜೊತೆಗೆ ತನ್ನಿ. ಹೋಲಿಸಲು ಅದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ. ಫಿಲ್ಮನ್ನು ಕಿಟಕಿಗೆ ಹಿಡಿದು ಮೊಬೈಲಿನಲ್ಲಿ ಫೋಟೊ ತೆಗೆದು ಕಳಿಸಿದರೆ ಸಾಲದು, ಸೂಕ್ಷ್ಮ ಛಾಯೆಗಳು ಅಲ್ಲೇ ಕಳೆದುಹೋಗಿರುತ್ತವೆ. ಎಕ್ಸ್‌ರೇ ಚೀಟಿ ಬರೆಯುವಾಗ "ಮರದಿಂದ ಬಿದ್ದದ್ದು, ಇಷ್ಟು ಎತ್ತರ" ಎಂದು ಹೇಳಿ, ಅದನ್ನು ಬರೆದರೇ ಎಂದು ಒಮ್ಮೆ ಕೇಳಿ ನೋಡಿ.